ಒಂದೇ ದಿನದ ಅರವತ್ತೆಂಟು ಮದುವೆ

ಭದ್ರಾವತಿಯ ಓಲ್ಡ್ ಟೌನಿನಲ್ಲಿ ಫೋಟೋ ಸ್ಟುಡಿಯೋ ಇಟ್ಟಿದ್ದ ಶಶಿಧರ್ ತನ್ನ ಕ್ಯಾಮೆರಾಕ್ಕೆ ಎಂದೂ ತಾರೀಕು ತುಂಬುತ್ತಿರಲಿಲ್ಲ. ಮರೆತು ಬಿಟ್ಟದ್ದಾಗಿದ್ದರೆ ಯಾರಾದರೂ ನೆನಪಿಸಬಹುದಿತ್ತು. ಇದು ಹಟ.

ಹಟ ಹುಟ್ಟಿದ್ದು 1996ರಲ್ಲಿ, ಶ್ರೀನಿವಾಸಮೂರ್ತಿ ಎಂಬ ಮೇಷ್ಟ್ರ ಮಗಳ ಮದುವೆಯಲ್ಲಿ. ಆಗಿನ್ನೂ ರೀಲಿನ ಕಾಲ. ಫೋಟೋದ ಮೂಲೆಯಲ್ಲಿ ದಿನ, ಗಂಟೆ, ನಿಮಿಷವನ್ನು ಕಿತ್ತಳೆ ಬಣ್ಣದಲ್ಲಿ ತಾನೇ ಅಚ್ಚೊತ್ತುವ ಕ್ಯಾಮೆರಾವನ್ನು ಶಶಿಧರ್ ಹೊಸದಾಗಿ ಕೊಂಡಿದ್ದ. ಅದರ ಗಡಿಯಾರ ಒಂದು ಗಂಟೆ ಮುಂದಿತ್ತು, ಅವನು ನೋಡಿಕೊಂಡಿರಲಿಲ್ಲ. ಶುಕ್ರವಾರ ಬೆಳಿಗ್ಗೆ ಹತ್ತು ಗಂಟೆ ಐದು ನಿಮಿಷಕ್ಕೆ ಆದ ಧಾರೆ ಆಲ್ಬಮ್ಮಿನಲ್ಲಿ ಹನ್ನೊಂದು ಗಂಟೆ ಐದು ನಿಮಿಷಕ್ಕೆ ನಡೆದುಹೋಗಿತ್ತು. ಶುಕ್ರವಾರ ಹನ್ನೊಂದು ಗಂಟೆಯೆಂದರೆ ನಡು ರಾಹುಕಾಲ. “ನನ್ನ ಮಗಳ ತಾಳೀನ ರಾಹುಕಾಲದಲ್ಲಿ ಕಟ್ಟಿಸಿದ್ಯಲ್ಲಯ್ಯಾ!” ಎಂದು ಮೇಷ್ಟ್ರು ಬೀದಿಗೆಲ್ಲ ಕೇಳುವಂತೆ ಕೂಗಾಡಿದರು. ಅಂದಿನಿಂದ ಶಶಿಧರ್‌ಗೂ ತಾರೀಕಿಗೂ ಮಾತು ಬಿಟ್ಟಿತು. 2003ರಲ್ಲಿ ಡಿಜಿಟಲ್ ಕ್ಯಾಮೆರಾ ಬಂದ ಮೇಲೂ ಅಷ್ಟೇ. ಮದುವೆಯ ಹಿಂದಿನ ದಿನ ಬ್ಯಾಟರಿ ತೆಗೆದು ಚಾರ್ಜಿಗೆ ಹಾಕುತ್ತಿದ್ದ. ತೆಗೆದಾಗಲೆಲ್ಲ ಆ ಕ್ಯಾಮೆರಾ ತನ್ನ ಗಡಿಯಾರವನ್ನು ಮರೆತು, ಮರುದಿನ ‘ತಾರೀಕು ಹಾಕಿ’ ಎಂದು ಕೇಳುತ್ತಿತ್ತು. ಇವನು ‘ಬೇಡ’ ಒತ್ತುತ್ತಿದ್ದ. ಅದು ಪಾಪ, ಪ್ರತಿ ಮದುವೆಯನ್ನೂ 2003ರ ಜನವರಿ ಒಂದನೇ ತಾರೀಕು ಸೊನ್ನೆ ಗಂಟೆಯಿಂದ ಶುರುಮಾಡುತ್ತಿತ್ತು.

ಇದರಿಂದ ನಾಲ್ಕು ವರ್ಷ ಯಾರಿಗೂ ತೊಂದರೆಯಾಗಲಿಲ್ಲ. ಹಳೆಯ ಕಂಪ್ಯೂಟರಿನಲ್ಲಿ ಅವನು ಒಂದೊಂದು ಮದುವೆಗೂ ಕೈಯಾರೆ ಆಲ್ಬಮ್ ಮಾಡಿ ಹೆಸರು ಕೊಟ್ಟಿದ್ದ. ತೊಂದರೆ ಬಂದದ್ದು 2007ರಲ್ಲಿ, ಶಿವಮೊಗ್ಗದಲ್ಲಿ ಕಂಪ್ಯೂಟರ್ ಅಂಗಡಿಯಿದ್ದ ಶಿವಪ್ರಸಾದನ ಕೈಚೀಲದಲ್ಲಿ. ಹೊಸ ಕಂಪ್ಯೂಟರು, ಹೊಸ ಸಾಫ್ಟ್‌ವೇರು.

“ನೀವೇನೂ ಮಾಡೋದು ಬೇಡ ಸಾರ್. ಇದೇ ಎಲ್ಲಾ ಫೋಟೋ ಎಳ್ಕೊಂಡು ತಾರೀಕಿನ ಪ್ರಕಾರ ಜೋಡಿಸ್ಕೊಳ್ಳುತ್ತೆ” ಎಂದ ಅವನು, ಸಂಜೆಯ ಹೊತ್ತಿಗೆ ಮೂವತ್ತು ಸಾವಿರ ಫೋಟೋ ಸಾಗಿಸಿ, ಹಳೆಯ ಪೆಟ್ಟಿಗೆಯನ್ನು ಎಕ್ಸ್‌ಚೇಂಜಿಗೆಂದು ಕೊಂಡೊಯ್ದು ಅಳಿಸಿಯೂಬಿಟ್ಟ.

ಮರುದಿನ ಶಶಿಧರ್ ತೆರೆದು ನೋಡಿದ. ನಾಲ್ಕು ವರ್ಷದ ಕ್ಯಾಲೆಂಡರಿನಲ್ಲಿ ಒಂದೇ ಒಂದು ಚೌಕಕ್ಕೆ ಬಣ್ಣ ಬಂದಿತ್ತು. ಆ ದಿನ ಅವನು ಅರವತ್ತೆಂಟು ಮದುವೆ ತೆಗೆದಿದ್ದ. ಆಲ್ಬಮ್ಮಿನ ಹೆಸರುಗಳು ಮಾಯವಾಗಿದ್ದವು. ಅದೂ ಸಾಲದೆಂಬಂತೆ, ಗಂಟೆ ನಿಮಿಷ ನೋಡಿ ಜೋಡಿಸಿದ್ದರಿಂದ ಎಲ್ಲ ಮದುವೆಗಳೂ ಒಂದರೊಳಗೊಂದು ಕಲಸಿಹೋಗಿದ್ದವು. ಕೊನೆಯಲ್ಲಿ ತೆಗೆದದ್ದು ಮೊದಲು: ಅರವತ್ತೆಂಟು ಮದುವೆಯ ಊಟದ ಪಂಕ್ತಿ ಎಲ್ಲ ಒಟ್ಟಿಗೆ, ಅದರ ಕೆಳಗೆ ಗುಂಪು ಫೋಟೋಗಳು, ಇನ್ನೂ ಕೆಳಗೆ ಧಾರೆ. ಶಶಿಧರ್ ತಲೆಯ ಮೇಲೆ ಕೈಹೊತ್ತು ಕೂತ. “ಈಗ್ಲಾದ್ರೂ ತಾರೀಕು ಹಾಕ್ತೀರೇನ್ರೀ?” ಎಂದು ಹೆಂಡತಿ ಪುಷ್ಪಾ ಕಾಫಿ ಇಟ್ಟು ಹೋದಳು.

ಇಂಥ ಬುಧವಾರದಂದೇ ಹುಲಿಗೆಮ್ಮ ಬರಬೇಕೆ!

ಹುಲಿಗೆಮ್ಮ ಮಾರ್ಕೆಟ್ಟಿನಲ್ಲಿ ಹೂ ಮಾರುವವಳು. ಓಲ್ಡ್ ಟೌನಿನ ಅರ್ಧಕ್ಕರ್ಧ ಮದುವೆಗೆ ಹಾರ ಅವಳದೇ. ಕಟ್ಟುವುದು ಅವಳು, ನಸುಕಿಗೇ ಸೈಕಲ್ಲಿನಲ್ಲಿ ಛತ್ರಕ್ಕೆ ಮುಟ್ಟಿಸುತ್ತಿದ್ದವನು ಗಂಡ ಮಾರಪ್ಪ. ಅವನು ತೀರಿಹೋಗಿ ವರ್ಷ ತುಂಬುವುದರಲ್ಲಿತ್ತು.

“ಸೋಮವಾರ ವರ್ಷದ ತಿಥಿ ಶಶಣ್ಣ. ಹನ್ನೊಂದನೇ ದಿನ ಫೋಟೋನೇ ಇಡ್ಲಿಲ್ಲ ನಾವು. ವೋಟಿನ ಕಾರ್ಡಿಂದು ದೊಡ್ಡದು ಮಾಡಿಸಿದ್ರೆ ಯಾರೋ ಕಳ್ಳನ ಥರ ಕಾಣ್ತಾರೆ. ನಿಮ್ಮತ್ರ ಇರ್ತದೆ, ಒಂದು ಹುಡುಕಿಕೊಡಿ.”

“ನನ್ನತ್ರ ಎಲ್ಲಿಂದ ಬರ್ಬೇಕು ಹುಲಿಗೆಮ್ಮ?”

“ಅವರೇ ಹೇಳ್ತಿದ್ರು. ಇವತ್ತೂ ಮದುಮಗನ ಕುರ್ಚೀಲಿ ಕೂತು ಫೋಟೋ ಹೊಡಿಸ್ಕೊಂಡು ಬಂದೆ ಕಣೇ ಅಂತ. ನನ್ನ ಆಟ ಆಡಿಸ್ತಾರೆ ಅಂದ್ಕೊಳ್ತಿದ್ದೆ. ಆದ್ರೂ ಒಂದಾದ್ರೂ ನಿಜ ಇರಬಹುದಲ್ಲ?”

ಅದೆಲ್ಲವೂ ನಿಜವಾಗಿತ್ತು. ಮದುವೆಮನೆಯವರು ಏಳುವ ಮೊದಲೇ ಛತ್ರದಲ್ಲಿರುತ್ತಿದ್ದವರು ಶಶಿಧರ್, ಮಾರಪ್ಪ ಇಬ್ಬರೇ. ಫ್ಲ್ಯಾಶಿನ ಬೆಳಕು ಎಷ್ಟು ಬೇಕೆಂದು ನೋಡಲು ಯಾರನ್ನಾದರೂ ಕೂರಿಸಬೇಕಲ್ಲ. “ಬಾ ಮಾರಪ್ಪ, ಒಂದ್ನಿಮಿಷ ಮದುಮಗ ಆಗು” ಎನ್ನುತ್ತಿದ್ದ. ಸಂಜೆ ಕಂಪ್ಯೂಟರಿಗೆ ಹಾಕಿದ ಕೂಡಲೇ ಆ ಫೋಟೋಗಳನ್ನು ಅಳಿಸುತ್ತಿದ್ದ. ಮದುವೆ ಆಲ್ಬಮ್ಮಿನಲ್ಲಿ ಹೂವಿನವನಿಗೇನು ಕೆಲಸ? ಅಳಿಸಿದೆ ಎಂದು ಈಗ ಅವಳ ಮುಖ ನೋಡಿ ಹೇಳಲು ನಾಲಿಗೆ ಏಳಲಿಲ್ಲ.

“ಕಂಪ್ಯೂಟರು ಕೆಟ್ಟು ಎಲ್ಲಾ ಕಲಸಿಹೋಗಿದೆ. ಹುಡುಕೋಣ ಬಾ, ಜನರ ಮಧ್ಯೆ ಎಲ್ಲಾದ್ರೂ ಸಿಕ್ಕಿದ್ರೆ ನಿನ್ನ ಪುಣ್ಯ” ಎಂದ. ಸುಳ್ಳು ಹೇಳಲಿಲ್ಲ, ನಿಜವನ್ನೂ ಹೇಳಲಿಲ್ಲ.

ಮಧ್ಯಾಹ್ನ ವ್ಯಾಪಾರವಿಲ್ಲದ ಹೊತ್ತಿನಲ್ಲಿ ಹುಲಿಗೆಮ್ಮ ಬಂದು ಸ್ಟೂಲಿನ ಮೇಲೆ ಕೂರತೊಡಗಿದಳು. ಮೊದಲ ದಿನವಿಡೀ ಊಟದ ಪಂಕ್ತಿಗಳೇ. ಊಟದೆಲೆಯ ಮುಂದೆ ಎಲ್ಲರದೂ ಒಂದೇ ಮುಖ. ಇಬ್ಬರಿಗೂ ಏನೂ ಗೊತ್ತಾಗಲಿಲ್ಲ. ಎರಡನೆಯ ದಿನ ಧಾರೆ, ಆರತಕ್ಷತೆಯ ಫೋಟೋಗಳು ಬಂದಾಗ ಅವಳು ಸ್ಟೂಲನ್ನು ಮುಂದಕ್ಕೆಳೆದುಕೊಂಡಳು.

“ಇದು ಮಂಜಪ್ಪನ ಮಗಳದ್ದು. ಗುಲಾಬಿ ಸಾಲದೆ ನಡುವೆ ಸೇವಂತಿಗೆ ಸೇರಿಸಿದ್ದೆ, ನೋಡಿ. ಇದು ಭವಾನಿ ಮದುವೆ. ಅವಳಿಗೆ ಸುಗಂಧರಾಜ ಅಂದ್ರೆ ತಲೆನೋವು, ಬರೀ ಕಾಕಡದಲ್ಲಿ ಕಟ್ಟು ಅಂದಿದ್ರು.”

ಶಶಿಧರ್ ಬೆರಗಾದ. ಅವಳು ಮುಖಗಳನ್ನು ನೋಡುತ್ತಲೇ ಇರಲಿಲ್ಲ, ಕೊರಳನ್ನು ನೋಡುತ್ತಿದ್ದಳು. ಓದು ಬರೆಹ ಬಾರದ ಆ ಹೆಂಗಸು ಮೂವತ್ತು ಸಾವಿರ ಫೋಟೋದ ರಾಶಿಯಿಂದ ಒಂದೊಂದೇ ಮದುವೆಯನ್ನು ಬಿಡಿಸಿ ಕೊಡುತ್ತಿದ್ದಳು, ಹೂ ಬಿಡಿಸಿದ ಹಾಗೆ. ಅವನು ಗಡಿಬಿಡಿಯಿಂದ ಹೊಸ ಆಲ್ಬಮ್ ಮಾಡಿ ಹೆಸರು ಬರೆದುಕೊಂಡ. ಶನಿವಾರ ಸಂಜೆಯ ಹೊತ್ತಿಗೆ ಅವಳು ಹಾರ ಕಟ್ಟಿದ ಮದುವೆಗಳೆಲ್ಲ ಮನೆ ಸೇರಿದವು. ಧಾರೆಗಿಂತ ಕೆಳಗಿನವು ಕೊರಳಿಗೆ ಹಾರ ಬೀಳುವ ಮೊದಲಿನವು, ಅವಕ್ಕೆ ಇಬ್ಬರೂ ಕೈಹಾಕಲಿಲ್ಲ. ಹುಲಿಗೆಮ್ಮನಿಗೆ ಮಾತ್ರ ಏನೂ ಸಿಗಲಿಲ್ಲ. ಎಲ್ಲೋ ಒಂದು ಕಡೆ ಮಾರಪ್ಪನ ಭುಜ, ಇನ್ನೊಂದು ಕಡೆ ಹಾರ ನೀಡುವ ಕೈ. ಅಷ್ಟೇ. ಶಶಿಧರನೇ ತಾನೇ “ಪಕ್ಕಕ್ಕೆ ಸರಿ ಮಾರಪ್ಪ” ಎನ್ನುತ್ತಿದ್ದದ್ದು?

“ಹೋಗ್ಲಿ ಬಿಡಿ ಶಶಣ್ಣ. ನೀವೇನ್ ಮಾಡ್ತೀರ” ಎಂದು ಎದ್ದು ಹೋದಳು. ಅವಳು ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು ಅವನಿಗೆ.

ಭಾನುವಾರ ಬೆಳಿಗ್ಗೆ ಶಿವಪ್ರಸಾದನಿಗೆ ಫೋನು ಮಾಡಿ ಒಂದಿಷ್ಟು ರೇಗಿದ. ಕೊನೆಗೆ ಎಲ್ಲವನ್ನೂ ಹೇಳಿಕೊಂಡ.

“ಹಳೇದರಲ್ಲಿ ಅಳಿಸಿದ್ರೆ ಆಲ್ಬಮ್ಮಿಂದ ಮಾತ್ರ ಹೋಗ್ತಿತ್ತು ಸಾರ್, ಫೋಟೋ ಒಳಗೆ ಹಾಗೇ ಇರ್ತಿತ್ತು. ಈ ಹೊಸದು ಇದ್ದಬದ್ದದ್ದೆಲ್ಲಾ ಎಳ್ಕೊಂಡಿದೆ. ತೀರಾ ತಳಕ್ಕೆ ಹೋಗಿ ನೋಡಿ.”

“ಮೊದ್ಲೇ ಹೇಳೋಕೆ ಏನಾಗಿತ್ತು ಮಾರಾಯ ನಿಂಗೆ?” ಎಂದು ಫೋನಿಟ್ಟವನೇ ತಳಕ್ಕೆ ಹೋದ. ಧಾರೆ ಕಳೆದು, ಗೌರಿಪೂಜೆ ಕಳೆದು, ಖಾಲಿ ಛತ್ರ, ಖಾಲಿ ಮಂಟಪ. ಆಮೇಲೆ ಮಾರಪ್ಪ.

ಮಾರಪ್ಪ ಹಾರ ತಂದ ಪ್ರತಿ ಮದುವೆಯ ಮೊದಲ ಫೋಟೋ ಅದೇ ತಾನೆ? ಕೆಟ್ಟ ಗಡಿಯಾರ ಎಲ್ಲ ಮದುವೆಯ ಮೊದಲ ನಿಮಿಷವನ್ನೂ ಒಂದೇ ಕಡೆ ತಂದು ಸುರಿದಿತ್ತು. ಕೆಂಪು ಮಖಮಲ್ಲಿನ ಕುರ್ಚಿಯಲ್ಲಿ, ಬೆಳ್ಳಿ ಬಣ್ಣದ ಕುರ್ಚಿಯಲ್ಲಿ, ನವಿಲಿನ ಕೆತ್ತನೆಯ ಕುರ್ಚಿಯಲ್ಲಿ, ಸಾಲಾಗಿ ನಲವತ್ತೊಂದು ಮಾರಪ್ಪ. ಒಂದರಲ್ಲಿ ಮದುಮಗನ ಗತ್ತಿನಿಂದ ಎದೆ ಸೆಟೆಸಿದ್ದಾನೆ. ಇನ್ನೊಂದರಲ್ಲಿ ನಗು ತಡೆಯಲಾರದೆ ಕಣ್ಣು ಮುಚ್ಚಿದ್ದಾನೆ. ಶಶಿಧರ್ ಪುಷ್ಪಾಳನ್ನು ಕೂಗಿ, “ಹುಲಿಗೆಮ್ಮನ್ನ ಕರ್ಕೊಂಡು ಬಾರೇ, ಬೇಗ” ಎಂದ.

ಹುಲಿಗೆಮ್ಮ ನಿಂತೇ ನೋಡಿದಳು. ಅತ್ತಳು, ನಡುನಡುವೆ ನಕ್ಕಳು. “ಸುಳ್ಳುಗಾರ ಅಂತಿದ್ದೆನಲ್ಲಪ್ಪಾ ನಾನು” ಎಂದಳು. ಶಶಿಧರ್ ಆಗ ಬಾಯಿ ಬಿಟ್ಟ. “ಅಳಿಸಿಬಿಟ್ಟಿದ್ದೆ ಹುಲಿಗೆಮ್ಮ. ಉಳಿದಿದ್ದು ನನ್ನ ಪುಣ್ಯ.” ಅವಳು ಅದನ್ನು ಕೇಳಿಸಿಕೊಂಡಳೋ ಇಲ್ಲವೋ, ತೆರೆಯ ಮೇಲಿನ ಒಂದು ಫೋಟೋಕ್ಕೆ ಬೆರಳಿಟ್ಟಳು.

ಅದು ಅಂಥ ಒಳ್ಳೆಯ ಫೋಟೋ ಅಲ್ಲ. ಮುಖದ ಮೇಲೆ ಬೆಳಕು ಕಡಿಮೆ. ಮಾರಪ್ಪ ತೊಡೆಯ ಮೇಲೆ ಹಾರ ಇಟ್ಟುಕೊಂಡು, ನೆಲಕ್ಕೆ ತಾಗದಂತೆ ಎರಡೂ ಕೈಯಲ್ಲಿ ಎತ್ತಿ ಹಿಡಿದಿದ್ದ.

“ಇನ್ನೂ ಚೆನ್ನಾಗಿರೋದು ಇದಾವಲ್ಲ?” ಎಂದ ಶಶಿಧರ್.

“ಇದೇ ಇರ್ಲಿ. ಮಲವಗೊಪ್ಪದ ಮದುವೆ ಇದು. ಅವತ್ತು ನಂಗೆ ಚಳಿಜ್ವರ. ರಾತ್ರಿಯೆಲ್ಲಾ ಕೂತು ಅವರೇ ಕಟ್ಟಿದ್ರು. ನೋಡಿ, ಒಂದು ಕಡೆ ದಪ್ಪ, ಒಂದು ಕಡೆ ತೆಳ್ಳಗೆ. ನನ್ನ ಹೆಸರು ಕೆಡಿಸಿದ್ರಿ ಅಂತ ಮೂರು ದಿನ ಬೈದಿದ್ದೆ ಶಶಣ್ಣ.” ಸೆರಗಿನಿಂದ ಮೂಗೊರೆಸಿಕೊಂಡಳು. “ಎದೆ ತನಕ ಕತ್ತರಿಸ್ಬೇಡಿ. ಹಾರ ಕಾಣ್ಬೇಕು.”

ಉಳಿದ ನಲವತ್ತನ್ನೂ ಸೇರಿಸಿ ಶಶಿಧರ್ ‘ಮಾರಪ್ಪ’ ಎಂದು ಒಂದು ಆಲ್ಬಮ್ ಮಾಡಿಟ್ಟ. ಸಂಜೆಯೊಳಗೆ ದೊಡ್ಡ ಪ್ರಿಂಟು ತೆಗೆಸಿ, ತಾನೇ ಕಟ್ಟು ಹಾಕಿ ಕಳಿಸಿದ.

ಸೋಮವಾರ ಊಟಕ್ಕೆ ಹೋದಾಗ ಫೋಟೋ ಗೋಡೆಗೊರಗಿತ್ತು. ಮುಂದೆ ದೀಪ, ಊದಿನಕಡ್ಡಿ, ಎಲೆಯಲ್ಲಿ ಎಡೆ. ಹಾರ ಮಾತ್ರ ಇರಲಿಲ್ಲ. ಊರಿಗೆಲ್ಲ ಹಾರ ಕಟ್ಟುವವಳ ಮನೆಯಲ್ಲಿ ಗಂಡನ ಫೋಟೋಕ್ಕೇ ಹಾರವಿಲ್ಲವೆ ಎಂದು ನೆಂಟರು ಗುಸುಗುಸು ಎನ್ನುತ್ತಿದ್ದರು. ಶಶಿಧರ್ ಹಿಂಜರಿಯುತ್ತಲೇ ಕೇಳಿದ.

ಹುಲಿಗೆಮ್ಮ ಎಲೆಗೆ ಪಾಯಸ ಬಡಿಸುತ್ತ ಫೋಟೋದ ಕಡೆ ನೋಡಿದಳು.

“ಅವರು ಕಟ್ಟಿದ್ದೇ ಅವರ ಕೈಲಿದೆಯಲ್ಲ ಶಶಣ್ಣ. ಅದೇ ಸಾಕು.”