ಬಾಗಿಲಿಗೆ ಬಂದು ಹೇಳುತ್ತಿದ್ದವರು

ನ್ಯೂಜಿಲೆಂಡಿನ ಲೋವರ್ ಹಟ್‌ನ ನಮ್ಮ ಕನ್ನಡ ಹೆಣ್ಣುಮಕ್ಕಳ ಫುಟ್‌ಬಾಲ್ ತಂಡದಿಂದ ತಮ್ಮನ್ನು ತೆಗೆದುಹಾಕಿದ ಸಂಗತಿ ಕೋಚ್ ಅವರಿಗೆ ತಿಳಿದದ್ದು ಒಂದು ಶನಿವಾರ, ಮೈದಾನದಲ್ಲಿ. ಬೆಳಿಗ್ಗೆ ತಾವೇ ಗೆರೆ ಎಳೆದು, ತಿಂಡಿಗೆ ಮನೆಗೆ ಹೋಗಿ ಮರಳಿದ್ದರು. ಉಗುರಿನ ಸಂದಿಯಲ್ಲಿ ಇನ್ನೂ ಬಿಳಿ ಬಣ್ಣವಿತ್ತು. ಹೆಗಲ ಮೇಲೆ ಚೆಂಡುಗಳ ಬಲೆಚೀಲ. ಎದುರಿಗೆ ಹೊಸ ಕೋಚ್ ಮಕ್ಕಳನ್ನು ಓಡಿಸುತ್ತಿದ್ದ.

ಅವರು ಚೆಕ್ ದೇಶದವರು. ಗಣಿ ಕಾರ್ಮಿಕರ ತಂಡದಿಂದ ಆರಂಭಿಸಿ ಅಲ್ಲಿನ ಮೇಲ್ದರ್ಜೆಯ ತಂಡಗಳನ್ನು ಪಳಗಿಸಿ, ಬಳಿಕ ಕೊಲ್ಲಿ ದೇಶಗಳಲ್ಲಿ ದುಡಿದು, ಇಳಿವಯಸ್ಸಿನಲ್ಲಿ ಮಗಳಿದ್ದ ಈ ಊರಿಗೆ ಬಂದಿದ್ದರು. ಪಂದ್ಯಕ್ಕೆ ಯಾರನ್ನು ಕೈಬಿಡುತ್ತಿದ್ದರೋ ಆ ಹುಡುಗಿಯ ಮನೆಗೆ ಶುಕ್ರವಾರ ಸಂಜೆ ನಡೆದುಹೋಗಿ, ಬಾಗಿಲಲ್ಲೇ ನಿಂತು ಕಾರಣ ಹೇಳುವುದು ಅವರ ಪದ್ಧತಿ. ನನ್ನ ಮೊಮ್ಮಗಳ ಸರದಿ ಬಂದಾಗ ನಾನು ಮುಖ ಗಂಟಿಕ್ಕಿ, ಫೋನ್ ಮಾಡಿದ್ದರೆ ಸಾಕಿತ್ತಲ್ಲ ಎಂದೆ.

“ಮಿಸ್ಟರ್ ಸೆಕ್ರೆಟರಿ, ಕೊಲ್ಲಿಯಲ್ಲಿ ನನ್ನ ಕೆಲಸ ಹೋದ ಸುದ್ದಿಯನ್ನು ಗೇಟು ಕಾಯುವವನು ಹೇಳಿದ. ಪಾಪ, ನನಗಿಂತ ಅವನೇ ಹೆಚ್ಚು ನಾಚಿಕೊಂಡ,” ಎಂದರು.

ಅವರ ಮಾತು ಅಂದು ನನಗೆ ನಾಟಲಿಲ್ಲ. ಮೊಮ್ಮಗಳನ್ನು ಕೈಬಿಟ್ಟದ್ದು ಮಾತ್ರ ನಾಟಿತು. ಅವಮಾನ ಮರೆಯುವ ಸ್ವಭಾವ ನನ್ನದಲ್ಲ. ಸೋಲು ಹೆಚ್ಚಾಯಿತೆಂದು ತಂಡದ ಸಮಿತಿಯ ನಾವು ಏಳು ಮಂದಿ ಸೇರಿ ಅವರನ್ನು ತೆಗೆಯಲು ನಿಶ್ಚಯಿಸಿದಾಗ ಮೊದಲು ಎದ್ದ ಕೈ ನನ್ನದು.

“ಮನೆಗೆ ಹೋಗಿ ಹೇಳೋದು ಎಂಬ್ಯಾರಸಿಂಗು ಅಂಕಲ್. ನೀವೇ ಒಂದು ಇಮೇಲ್ ಹಾಕ್ಬಿಡಿ,” ಎಂದರು ಅಧ್ಯಕ್ಷರು.

“ಅವ್ರು ಇಮೇಲ್ ನೋಡೋದೇ ಇಲ್ವಲ್ಲ,” ಎಂದರು ಸದಸ್ಯೆಯೊಬ್ಬರು.

“ನೋಡ್ದೇ ಇದ್ರೆ ಅದು ನಮ್ ತಪ್ಪಾ?”

ಮೂರು ಪ್ಯಾರಾಗಳ ಪತ್ರವನ್ನು ಅಲ್ಪವಿರಾಮವೂ ತಪ್ಪದಂತೆ ಬರೆದು ಕಳುಹಿಸಿದೆ. ಉಳಿದ ಆರು ಮಂದಿಗೂ ಪ್ರತಿ ಹಾಕಿದೆ.

ಆ ಶನಿವಾರ ಕೋಚ್ ಬಲೆಚೀಲವನ್ನು ಹೊಸಬನ ಕಾಲ ಬಳಿ ಇಟ್ಟು, “ಎರಡು ಚೆಂಡಿಗೆ ಗಾಳಿ ಕಡಿಮೆ,” ಎಂದಷ್ಟೇ ಹೇಳಿ ಹೊರಟರು.

“ತಾತ, ಡಿಡ್ ನೋಬಡಿ ಟೆಲ್ ಹಿಮ್?” ಎಂದಳು ಮೊಮ್ಮಗಳು. ನಾನು ಬೂಟಿನ ದಾರ ಕಟ್ಟುವವನಂತೆ ಬಗ್ಗಿದೆ.

ಕಳೆದ ಚಳಿಗಾಲದಲ್ಲಿ ಅವರು ತೀರಿಕೊಂಡರು. ಹೂಗುಚ್ಛ ಹಿಡಿದು ಏಳು ಮಂದಿಯೂ ಅವರ ಮನೆಗೆ ಹೋದೆವು. ಮೈದಾನ ದಾಟಿದರೆ ಎರಡನೆಯ ಬೀದಿ. ದಾರಿ ಕೇಳುವ ಪ್ರಮೇಯವೇ ಬರಲಿಲ್ಲ.

ಸಮಿತಿಯ ಮಹನೀಯರೇ, ನನ್ನನ್ನೂ ಸೇರಿಸಿಯೇ ಕೇಳುತ್ತೇನೆ: ಅಂದು ಅಷ್ಟು ಸುಲಭವಾಗಿ ಸಿಕ್ಕಿದ ಆ ಬಾಗಿಲು, ಅವರು ಬದುಕಿದ್ದಾಗ ಒಂದು ಶುಕ್ರವಾರ ಸಂಜೆ ನಮಗೇಕೆ ಸಿಗಲಿಲ್ಲ?