ಒರೆಗೆ ಹತ್ತದ ಚಿನ್ನ

ಮೊನ್ನೆ ಪ್ರಯೋಗಾಲಯದಲ್ಲಿ ಗಾಜಿನ ಬಿಲ್ಲೆಗಳನ್ನು ತೊಳೆಯಲೆಂದು ನೈಟ್ರಿಕ್ ಆಸಿಡ್ ಬಾಟಲಿಯ ಮುಚ್ಚಳ ತೆಗೆದೆ. ಆ ಘಾಟು ಮೂಗಿಗೆ ಬಡಿದದ್ದೇ ತಡ, ಮಾಮನ ಮೇಲಿನ ಎಂಟು ವರ್ಷದ ಹಳೆಯ ಸಿಟ್ಟು ನೆತ್ತಿಗೇರಿತು. ಬೇರೆಯವರಿಗೆ ಈ ಘಾಟಿಗೆ ಕೆಮ್ಮು ಬರುತ್ತದೆ, ನನಗೆ ಕೋಪ ಬರುತ್ತದೆ. ಏನು ಮಾಡಲಿ, ನೀವೇ ಹೇಳಿ.

ಮಾಮ, ಅಂದರೆ ನನ್ನ ಅಮ್ಮನ ಅಣ್ಣ, ಒಂದು ಬ್ಯಾಂಕಿನಲ್ಲಿ ಜನ ಅಡ ಇಡಲು ತರುವ ಒಡವೆಗಳನ್ನು ಪರೀಕ್ಷಿಸುತ್ತಿದ್ದವರು. ಒಡವೆಯನ್ನು ಕಪ್ಪು ಒರೆಗಲ್ಲಿಗೆ ಉಜ್ಜಿ, ಬಿದ್ದ ಗೆರೆಯ ಮೇಲೆ ಇದೇ ಆಸಿಡ್ಡಿನ ಒಂದು ಹನಿ ಬಿಟ್ಟು, ಚಿನ್ನವೋ ಅಲ್ಲವೋ ಹೇಳಿಬಿಡುತ್ತಿದ್ದರು. ಅವರ ಬೆರಳ ತುದಿಗಳು ಸದಾ ಹಳದಿ. ನಿವೃತ್ತರಾದ ಮೇಲೆ ಕಲ್ಲು ಪುರಸೈವಾಕ್ಕಂ ಮನೆಗೆ ಬಂತು, ಜೊತೆಗೆ ಚಾಳಿಯೂ ಬಂತು. ಮನೆಗೆ ಬಂದ ನೆಂಟರ ಬಳೆಯನ್ನೂ ಬಿಡುತ್ತಿರಲಿಲ್ಲ. ಮಾಮಿ ತಲೆ ಚಚ್ಚಿಕೊಳ್ಳುತ್ತಿದ್ದರು.

ನಾನು ಆಗ, ಅರ್ಧ ತಮಿಳು ಮಾತಿನ ಅವರ ಮನೆಯಲ್ಲಿದ್ದುಕೊಂಡು ಅಡ್ಯಾರ್ ಕಡೆಯ ಒಂದು ಸಂಸ್ಥೆಯಲ್ಲಿ ಪಿಎಚ್.ಡಿ. ಮಾಡುತ್ತಿದ್ದೆ. ವಿಷಯ, ಫ್ರಾಕ್ಟಲ್ ಪ್ಲಾಸ್ಮಾನಿಕ್ ಮೆಟಾಮೆಟೀರಿಯಲ್. ಹೆದರಬೇಡಿ, ಹೆಸರು ಹೇಳುವುದೇ ಕಷ್ಟ, ಉಳಿದದ್ದು ಸುಲಭ. ಗಾಜಿನ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಚಿನ್ನದ ಮರಗಳನ್ನು ಬರೆಯುತ್ತೇವೆ. ಕೊಂಬೆಗೆ ರೆಂಬೆ, ರೆಂಬೆಗೆ ಕಡ್ಡಿ, ಒಂದೊಂದೂ ಇಡೀ ಮರದ್ದೇ ಚಿಕ್ಕ ನಕಲು. ಬೆಳಕು ಬಿದ್ದರೆ ಚಿನ್ನದೊಳಗಿನ ಎಲೆಕ್ಟ್ರಾನುಗಳು ಒಟ್ಟಿಗೆ ತೂಗಾಡುತ್ತವೆ. ದೊಡ್ಡ ಕೊಂಬೆ ಒಂದು ಬಣ್ಣವನ್ನು ಹಿಡಿದರೆ ಚಿಕ್ಕ ಕಡ್ಡಿ ಇನ್ನೊಂದನ್ನು. ಹೀಗೆ ಒಂದೇ ಮರ ಹಲವು ಬಣ್ಣಗಳನ್ನು, ನಮ್ಮ ಕಣ್ಣಿಗೆ ಕಾಣದ ಬೆಳಕನ್ನೂ ಹಿಡಿಯುತ್ತದೆ. ಹಾಲಿಗೆ ಚೂರೇ ಚೂರು ಕಲಬೆರಕೆಯಾಗಿದ್ದರೂ ಬೆಳಕಿನಿಂದಲೇ ಪತ್ತೆ ಮಾಡುವುದು ನನ್ನ ಗುರಿ. ಗುಣವೆಲ್ಲ ಆಕಾರದಲ್ಲಿದೆ, ಧಾತುವಿನಲ್ಲಿ ಏನಿದೆ ಎಂದು ಊಟದ ಹೊತ್ತಿಗೆ ದಿನಾ ಭಾಷಣ ಬಿಗಿಯುತ್ತಿದ್ದೆ. ಮಾಮ ಸಾರನ್ನ ಕಲಸುತ್ತ ಕೇಳಿಸಿಕೊಳ್ಳುತ್ತಿದ್ದರು.

ಆರು ತಿಂಗಳು ಒದ್ದಾಡಿ ಒಂದು ಬಿಲ್ಲೆ ತಯಾರಾಯಿತು. ಅದನ್ನು ಅಳೆಯುವ ಯಂತ್ರ ಬೇರೆ ಊರಿನಲ್ಲಿತ್ತು. ಸರದಿಗಾಗಿ ಮೂರು ತಿಂಗಳು ಕಾದಿದ್ದೆ. ರೈಲು ಹತ್ತುವ ದಿನ ಬೆಳಿಗ್ಗೆ ಬಿಲ್ಲೆಯ ಡಬ್ಬಿಯನ್ನು ಊಟದ ಮೇಜಿನ ಮೇಲಿಟ್ಟು ಸ್ನಾನಕ್ಕೆ ಹೋದೆ. ಮಾಮ ಇರುವ ಮನೆಯಲ್ಲಿ, ಚಿನ್ನವನ್ನು, ಮೇಜಿನ ಮೇಲೆ! ನನ್ನಷ್ಟು ಓದಿದವರಿಗೆ ಮಾತ್ರ ಹೊಳೆಯುವ ಬುದ್ಧಿ ಇದು.

ಬಂದು ನೋಡಿದರೆ ಬಿಲ್ಲೆ ಒರೆಗಲ್ಲಿನ ಮೇಲೆ ಮಕಾಡೆ ಬಿದ್ದಿತ್ತು. ನನ್ನ ಆರು ತಿಂಗಳೂ ಗೀರುಗೀರಾಗಿದ್ದವು.

"ಏನೇ ಇದು? ಬೆಳಕಿಗೆ ಹಿಡಿದ್ರೆ ನೀಲಿ ಹೊಡಿಯುತ್ತೆ. ಉಜ್ಜಿದ್ರೆ ಕಲ್ಲಿಗೆ ಒಂದು ಗೆರೆ ಕೂಡ ಹತ್ತಲಿಲ್ಲ. ಇದು ಚಿನ್ನವೇ ಅಲ್ಲ. ಯಾರೋ ನಿನ್ನ ಯಾಮಾರಿಸಿದಾರೆ."

"ಮಾಮ, ಅದು ಬರೀ ಮೂವತ್ತು ನ್ಯಾನೋಮೀಟರ್ ದಪ್ಪ, ಕೂದಲಿನ ಸಾವಿರದಲ್ಲೊಂದು ಪಾಲೂ ಇಲ್ಲ!"

"ಎಷ್ಟಾದ್ರೇನು? ಚಿನ್ನ ಚಿನ್ನ ದಾನೇ? ಅದಿರ್ಲಿ, ಗಾಜಿನ ಮೇಲೆ ಚಿನ್ನ ಚುಮ್ಮಾ ಕೂತ್ಕೊಳ್ಳಲ್ಲ. ಅಡಿಯಲ್ಲಿ ಏನು ಹಾಕ್ದೆ?"

ನಾನು ಕೂಗಾಡಿದೆ. "ನಿಮ್ಮ ಕಲ್ಲನ್ನ ಮ್ಯೂಸಿಯಮ್ಮಿಗೆ ಕೊಡಿ ಮಾಮ. ನಿಮಗೆ ಏನೂ ಗೊತ್ತಾಗಲ್ಲ!" ಮಾಮಿ ಅಡುಗೆಮನೆಯಿಂದಲೇ, "ಪೋಗಟ್ಟುಂ ಬಿಡೇ, ಹೋದ್ರೆ ಹೋಗ್ಲಿ, ಇನ್ನೊಂದು ಮಾಡ್ಕೋ" ಎಂದರು, ದೋಸೆ ಸೀದಾಗ ಹೇಳುವ ಹಾಗೆ. ಮಾಮ ಕಲ್ಲನ್ನು ಬಟ್ಟೆಯಲ್ಲಿ ಸುತ್ತಿ ಬೀರುವಿನೊಳಗಿಟ್ಟರು. ಆಮೇಲೆ ಯಾರ ಬಳೆಯನ್ನೂ ಕೇಳಲಿಲ್ಲ.

ಇನ್ನೊಂದು ಮಾಡಿಕೊಂಡೆ. ಅದು ಲೆಕ್ಕ ಹೇಳಿದಷ್ಟು ಬೆಳಕನ್ನು ಹಿಡಿಯಲೇ ಇಲ್ಲ, ಮಂಕು. ಆಕಾರ ತಿದ್ದಿದೆ, ಮತ್ತೆ ತಿದ್ದಿದೆ, ಒಂದು ವರ್ಷ ತಿದ್ದಿದ್ದೇ ತಿದ್ದಿದ್ದು. ಕೊನೆಗೆ ನೋಡಿದರೆ ತಂಟೆ ಆಕಾರದ್ದಲ್ಲ; ಚಿನ್ನ ಗಾಜಿಗೆ ಅಂಟಲೆಂದು ಅಡಿಯಲ್ಲಿ ಹಾಕುವ ಕ್ರೋಮಿಯಂ ಪದರದ್ದು. ಎಲೆಕ್ಟ್ರಾನುಗಳ ತೂಗಾಟವನ್ನು ಅದೇ ಅಡಗಿಸುತ್ತಿತ್ತು. ಸರಿಯಾದ ಪ್ರಶ್ನೆಯನ್ನು ಈ ಮನುಷ್ಯ ಬಿಲ್ಲೆ ಕೆಡಿಸುವ ಮೊದಲು ಕೇಳಬಾರದಿತ್ತೇ? ನನ್ನ ಪ್ರಬಂಧದ ಕೃತಜ್ಞತೆಯ ಪುಟದಲ್ಲಿ ಎಸಿ ರಿಪೇರಿ ಮಾಡಿದವರ ಹೆಸರೂ ಇದೆ, ಮಾಮನ ಹೆಸರಿಲ್ಲ.

ಮೊನ್ನೆಯ ಘಾಟು ತಲೆಯಿಂದ ಇಳಿಯಲಿಲ್ಲ. ಭಾನುವಾರ ಹೋಗಿ ಹೇಳಿಯೇಬಿಟ್ಟೆ. ಮಾಮನ ಕಣ್ಣು ಈಗ ಮಂಜು. "ಅವತ್ತು ನೀವು ಕೇಳಿದ್ದೇ ಸರಿ ಮಾಮ. ತಪ್ಪು ಅಡಿಯ ಪದರದಲ್ಲಿತ್ತು." ಹಿಗ್ಗುತ್ತಾರೆ ಎಂದುಕೊಂಡಿದ್ದೆ.

"ಹಾಗಾದ್ರೆ ಮೇಲಿದ್ದಿದ್ದು ಚಿನ್ನವೇನಾ?"

"ಅಪ್ಪಟ ಚಿನ್ನ ಮಾಮ."

ಅವರ ಮುಖ ಇಳಿದುಹೋಯಿತು. "ನಾನು ಅಲ್ಲ ಅಂದ್ನಲ್ಲೇ. ಸರ್ವೀಸಲ್ಲಿ ಒಂದು ಸಲ ಕೂಡ ಚಿನ್ನಾನ ಚಿನ್ನ ಅಲ್ಲ ಅಂದಿಲ್ಲ ನಾನು."

ಹೊಗಳಲು ಹೋಗಿ ಅವರ ಆಯುಷ್ಯದ ಒಂದೇ ಒಂದು ತಪ್ಪನ್ನು ಕೈಗಿಟ್ಟಿದ್ದೆ. ಅದು ತಪ್ಪೂ ಅಲ್ಲ. ಕಲ್ಲಿಗೆ ಹತ್ತುವಷ್ಟು ಚಿನ್ನವೇ ಆ ಬಿಲ್ಲೆಯಲ್ಲಿರಲಿಲ್ಲ. ಹಾಗೆಂದು ಹೇಳಿದೆ. ತಲೆಯಾಡಿಸಿದರು, ನಂಬಲಿಲ್ಲ. ಇಂಥವರನ್ನು ಕಟ್ಟಿಕೊಂಡು ಏನು ಮಾಡುವುದು? ನನಗೆ ಅಳು ಬಂತು, ಅಳು ಬಂದದ್ದಕ್ಕೆ ಮತ್ತೆ ಸಿಟ್ಟು ಬಂತು.

ಇವತ್ತು ಮಧ್ಯಾಹ್ನ ವಿದ್ಯಾರ್ಥಿಗಳೆಲ್ಲ ಊಟಕ್ಕೆ ಹೋದಾಗ ಒಂದು ಬಿಲ್ಲೆಗೆ ಚಿನ್ನ ಕೂರಿಸಿದೆ. ಮರವಿಲ್ಲ, ರೆಂಬೆಯಿಲ್ಲ, ಬರೀ ಚಿನ್ನ, ಮಂಜುಗಣ್ಣಿಗೂ ಕಾಣುವಷ್ಟು ದಪ್ಪಗೆ. ಅಡಿಯಲ್ಲಿ ಏನೂ ಹಾಕಲಿಲ್ಲ. ಮಾಮ ಉಜ್ಜಲಿ, ಪೂರ್ತಿ ಕಲ್ಲಿಗೇ ಹತ್ತಿಕೊಳ್ಳಲಿ.