ಎರಡು ಓಣಿಗಳ ಮೇಡಂ

ಮೇಡಂ ಅವರ ಎಡಗೈಯಲ್ಲಿ ಹೆಬ್ಬೆರಳು, ಕಿರುಬೆರಳು ಎರಡೇ ಉಳಿದಿದ್ದವು. ಅವುಗಳ ನಡುವೆ ಡಸ್ಟರ್ ಸಿಕ್ಕಿಸಿಕೊಂಡು ಬೋರ್ಡು ಒರೆಸುತ್ತಿದ್ದರು. ಆಂಧ್ರದ ಗಡಿಯ ಆದೋನಿಯಲ್ಲಿ ತರಬೇತಿಯ ಮೊದಲ ದಿನ ನಾವು ಶಿಕ್ಷಕರೆಲ್ಲ ಆ ಕೈಯನ್ನೇ ನೋಡುತ್ತಿದ್ದೆವು. ಯಾರೋ ಕೇಳಿಯೂ ಬಿಟ್ಟರು.

"ಸಣ್ಣಾಕಿ ಇದ್ದಾಗ ಬಣವಿಯೊಳಗ ಚೆಂಡು ಸಿಕ್ತು ಅಂತ ತಗೊಂಡೆ. ಯಾರೋ ಬಚ್ಚಿಟ್ಟಿದ್ದ ನಾಟುಬಾಂಬು ಅದು" ಎಂದು ಹೇಳಿ ಪಾಠ ಮುಂದುವರಿಸಿದರು.

ಎರಡು ಪಾರ್ಟಿಯಾಗಿ ಒಡೆದು, ಕೊಲೆಗಳಾದ ಊರುಗಳಲ್ಲಿ ಮಕ್ಕಳ ನಡುವೆ ಮತ್ತೆ ಮಾತು ಹುಟ್ಟಿಸುವುದು ಹೇಗೆ ಎಂಬುದೇ ಆ ತರಬೇತಿ. ಆಲೂರಿನ ಆಚೆ ಅಂಥದೇ ಊರಿನಲ್ಲಿ ನಾನು ವರ್ಷಗಟ್ಟಲೆ ಕಲಿಸಿದ್ದೆ. ಇದನ್ನು ಹೇಳಿಕೊಡಲು ಇವರೇ ಬೇಕಿತ್ತೇ ಎಂದು ನನಗೆ ಹೊಟ್ಟೆಯುರಿ. ಆ ಕೈಯ ಮೇಲೂ ಹೊಟ್ಟೆಕಿಚ್ಚು. ನನ್ನ ಬಳಿ ತೋರಿಸಲು ಅಂಥದೇನೂ ಇರಲಿಲ್ಲ.

ತರಬೇತಿ ಮುಗಿದ ಮೇಲೆ ಮೇಡಂ ನಮ್ಮ ಶಾಲೆಗೂ ಬಂದರು. ನಾಲ್ಕನೇ ತರಗತಿಯಲ್ಲಿ ಇಬ್ಬರು ಹುಡುಗಿಯರಿದ್ದರು. ಮೇಲಿನ ಓಣಿಯವಳ ತಂದೆಯನ್ನು ಕೊಂದ ಕೇಸಿನಲ್ಲಿ ಕೆಳಗಿನ ಓಣಿಯವಳ ತಂದೆ ಜೈಲಿನಲ್ಲಿದ್ದ. ನಾನು ದಿನಾ ಅವರಿಬ್ಬರನ್ನು ಒಂದೇ ಬೆಂಚಿನಲ್ಲಿ ಕೂರಿಸುತ್ತಿದ್ದೆ. ಇಬ್ಬರೂ ಕಲ್ಲಿನಂತೆ ಕೂತಿರುತ್ತಿದ್ದರು.

"ಬಲವಂತಕ್ಕ ಕೂಡಸಬ್ಯಾಡ್ರಿ ಟೀಚರ್" ಎಂದರು ಮೇಡಂ. "ದೂರಾನ ಕುಂದರ್ಲಿ. ಮೊದ್ಲು ಅಂಜಿಕಿ ಹೋಗ್ಲಿ."

ಮಕ್ಕಳೆದುರಿಗೇ ಅಂದರು.

ಅದೇ ಮಧ್ಯಾಹ್ನ ಮೇಲಿನ ಓಣಿಯ ಹುಡುಗಿಯ ತಾಯಿ ಬಂದಳು. "ನಮ್ಮ ಮನಿ ಹಾಳ ಮಾಡಿದೋರ ಕೂಸಿನ ಬಾಜೂಕ ನನ್ನ ಕೂಸು ಕುಂದರಬೇಕೇನ್ರಿ? ಸಾಲಿ ಬಿಡಿಸ್ತೀನಿ" ಎಂದಳು. ನಾನು ಬುದ್ಧಿ ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಮೇಡಂ ಕಟ್ಟೆಯ ಮೇಲೆ ಅವಳ ಪಕ್ಕ ಕೂತು, "ನಿನ್ನ ಗಂಡ ಹೆಂಗಿದ್ದ, ಹೇಳವ್ವ" ಎಂದರು. ಅವಳು ಸಂಜೆಯ ತನಕ ಹೇಳಿದಳು, ಅತ್ತಳು. ನನ್ನೊಂದಿಗೆ ಎಂದೂ ನಾಲ್ಕು ಮಾತು ಆಡಿದವಳಲ್ಲ.

ಮರುದಿನ ಹುಡುಗಿ ಶಾಲೆಗೆ ಬಂದು ಬೇರೆ ಬೆಂಚಿನಲ್ಲಿ ಕೂತಳು.

ಆಮೇಲೆ ಮೇಡಂ ಆಗಾಗ ಬರುತ್ತಿದ್ದರು. ಕೆಳಗಿನ ಓಣಿಗೂ ಹೋಗಿ ಜೈಲಿನವನ ಹೆಂಡತಿಯ ಮನೆಯಲ್ಲಿ ಚಹಾ ಕುಡಿಯುತ್ತಿದ್ದರು. ನಾನು ಪ್ರತಿಸಲ ಊಟಕ್ಕೆ ಕರೆಯುತ್ತಿದ್ದೆ. ಎರಡು ಓಣಿ ಮುಗಿಸುವಷ್ಟರಲ್ಲಿ ಅವರ ಬಸ್ಸಿನ ಹೊತ್ತಾಗಿರುತ್ತಿತ್ತು. ಹುಡುಗಿಯರಿಬ್ಬರೂ ತಾವಾಗಿಯೇ ಒಬ್ಬರೊಡನೊಬ್ಬರು ಮಾತಾಡಿದ ದಿನ ಆ ಸುದ್ದಿಯನ್ನು ನನಗೆ ಹೇಳಲಿಲ್ಲ. ಮೇಡಂ ಬರುವ ತನಕ ಬಚ್ಚಿಟ್ಟುಕೊಂಡಿದ್ದರು.

ಮಕ್ಕಳು ಐದನೆಯದರಲ್ಲಿದ್ದಾಗ ಮೇಡಂ ಎದೆನೋವಿನಿಂದ ತೀರಿಕೊಂಡರು. ಫೋನು ಬಂದಾಗ ಮೇಲಿನ ಓಣಿಯ ತಾಯಿ ಮಗಳನ್ನು ಕರೆದೊಯ್ಯಲು ಗೇಟಿನಲ್ಲಿ ನಿಂತಿದ್ದಳು. ಹೇಳಿದೆ. ಸೆರಗನ್ನು ಬಾಯಿಗೊತ್ತಿಕೊಂಡಳು.

"ಕೆಳಗಿನ ಓಣ್ಯಾಗಿನಾಕಿಗೆ ಗೊತ್ತೈತೇನ್ರಿ?"

"ಇಲ್ಲ. ನಾನು ಹೋಗಿ ಹೇಳ್ತೀನಿ."

"ನಾನ ಹೋಗಿ ಹೇಳ್ತೀನ್ರಿ. ಆಕಿಗೂ ಮೇಡಂ ಬೇಕಾದೋರಿದ್ರು."

ಗಂಡ ಸತ್ತ ಮೇಲೆ ಕಾಲಿಡದಿದ್ದ ಓಣಿಗೆ ಅವಳು ನಡೆದುಹೋದಳು. ಬಾಗಿಲು ತೆರೆದದ್ದು, ಇಬ್ಬರೂ ಹೊಸ್ತಿಲಲ್ಲೇ ಕುಸಿದು ಕೂತದ್ದು ನನಗೆ ಗೇಟಿನಿಂದ ಕಂಡಿತು. ಸಂತೋಷವಾಗಬೇಕಿತ್ತು. ಆಯಿತು ಕೂಡ. ಆದರೆ ಅದಕ್ಕೂ ಮೊದಲು ಮನಸ್ಸಿಗೆ ಬಂದದ್ದು ಬೇರೆಯೇ: ಇಷ್ಟು ವರ್ಷ ಇದೇ ಊರಿನಲ್ಲಿರುವ ನಾನು ಸತ್ತರೆ, ಯಾರು ಯಾರ ಬಾಗಿಲಿಗೆ ಹೋಗಿ ಹೇಳುತ್ತಾರೆ?